ಚೆಕ್ಕಿನ ಸಾಲಿನಲ್ಲಿ ಬಿಟ್ಟ ಜಾಗ

ನಮ್ಮ ತಂದೆಯವರು ದಂಡಿನ ಕಮರ್ಷಿಯಲ್ ಸ್ಟ್ರೀಟಿಗೆ ಕೂಡುವ ಒಂದು ಓಣಿಯಲ್ಲಿ ಗುಂಡಿ, ದಾರ, ಲೇಸು, ಅಸ್ತರಿನ ಬಟ್ಟೆ ಇವುಗಳ ಅಂಗಡಿಯನ್ನಿಟ್ಟಿದ್ದರು. ಮನೆ ಹಲಸೂರಿನಲ್ಲಿ, ಸೋಮೇಶ್ವರ ದೇವಸ್ಥಾನಕ್ಕೆ ಸಮೀಪ. ಶಿವಾಜಿನಗರವನ್ನು ಅವರು ಕಡೆಯವರೆಗೂ ಬ್ಲಾಕ್‌ಪಳ್ಳಿಯೆಂದೇ ಕರೆಯುತ್ತಿದ್ದರು. ಚೆಕ್ಕು ಬರೆಯುವುದೆಂದರೆ ಅವರಿಗೆ ಪೂಜೆಗೆ ಕುಳಿತಂತೆ. ಕನ್ನಡಕವನ್ನು ಒರೆಸಿ, ಲೇಖನಿಗೆ ಮಸಿ ತುಂಬಿ, ಮಾತನಾಡುತ್ತಿದ್ದವರನ್ನು ಕೈಸನ್ನೆಯಿಂದ ಸುಮ್ಮನಿರಿಸಿ, ಸಾಲಿನ ಎಡತುದಿಗೆ ಒತ್ತಿ ಬರೆಯಲು ಮೊದಲುಮಾಡುವರು. ಮೊಬಲಗು ಮುಗಿದಲ್ಲಿಂದ ಸಾಲಿನ ಕೊನೆಯವರೆಗೆ ಒಂದು ಗೆರೆ. “ನೀನು ಬರೆಯದೆ ಬಿಟ್ಟ ಜಾಗದಲ್ಲಿ ಬೇರೆಯವರು ಬರೆದಾರು” ಎನ್ನುತ್ತಿದ್ದರು. ಅವರ ಬೆನ್ನ ಹಿಂದೆ ನಾನೂ ನನ್ನ ತಮ್ಮನೂ ನಗುತ್ತಿದ್ದೆವು.

ಅವರು ಕಾಲವಾದ ಮೇಲೆ ಚೆಕ್ಕಿನ ಪುಸ್ತಕ ನನ್ನ ಕೈಗೆ ಬಂದಿತು. ಅಂಗಡಿಯ ಜೊತೆಗೆ ಬಂದವರು ನಮ್ಮ ಗುಮಾಸ್ತರು. ಇಪ್ಪತ್ತೆಂಟು ವರುಷ ತಂದೆಯವರ ಬಳಿ ದುಡಿದಿದ್ದ ಅವರು, ನನ್ನ ತಲೆ ನರೆತ ಮೇಲೂ ನನ್ನನ್ನು “ಚಿಕ್ಕ ಯಜಮಾನರೆ” ಎಂದೇ ಕರೆಯುವರು.

2009ನೆಯ ಇಸವಿಯ ಮೇ ತಿಂಗಳು. ಶಾಲೆಗಳು ತೆರೆಯುವ ಮುನ್ನ ಸಮವಸ್ತ್ರ ಹೊಲಿಯುವ ದರ್ಜಿಗಳೆಲ್ಲ ಒಮ್ಮೆಗೇ ಮುತ್ತಿಕೊಳ್ಳುವ ಕಾಲ. ಗುಂಡಿಗಳ ಸರಬರಾಜಿನವರಿಗೆ ಎಂಟು ಸಾವಿರ ರೂಪಾಯಿ ಸಲ್ಲಬೇಕಾಗಿತ್ತು. ಮೇಜಿನ ಮೇಲೆ ಬಿದ್ದಿದ್ದ ಒಂದು ಬಾಲ್‌ಪೆನ್ನಿನಿಂದ ಇಂಗ್ಲಿಷಿನಲ್ಲಿ ಚೆಕ್ಕು ಗೀಚಿ ಗುಮಾಸ್ತರ ಕೈಗಿತ್ತೆ. ಅವರು ಅದನ್ನು ನೋಡಿ ಮತ್ತೆ ನನ್ನ ಮುಂದಿಟ್ಟು, “ಚಿಕ್ಕ ಯಜಮಾನರೆ, ಗೆರೆ ಎಳೆಯಲಿಲ್ಲವಲ್ಲ?” ಎಂದರು. ನಾನು ದಾರದ ಲೆಕ್ಕದಲ್ಲಿ ಮುಳುಗಿದ್ದೆ. “ಹೊತ್ತಾಯಿತು, ಕೊಟ್ಟು ಬನ್ನಿ” ಎಂದೆ. ಅವರು ಹೋದರು.

ವಾಚಕರು ಆ ಚೆಕ್ಕನ್ನು ಒಮ್ಮೆ ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಬೇಕು. ಇಂಗ್ಲಿಷಿನಲ್ಲಿ ಎಂಟು ಎಂಬ ಪದದ ಬಾಲಕ್ಕೆ ಒಂದೇ ಒಂದು ಅಕ್ಷರವನ್ನು ಅಂಟಿಸಿದರೆ ಅದು ಎಂಬತ್ತಾಗುತ್ತದೆ. ಅಂಕಿಗಳ ಕೊನೆಗೊಂದು ಸೊನ್ನೆ. ‘ಬೇರರ್’ ಎಂಬ ಅಚ್ಚಾದ ಮಾತನ್ನು ನಾನು ಹೊಡೆದುಹಾಕಿರಲಿಲ್ಲ. ಮೂಲೆಯಲ್ಲಿ ಎರಡು ಅಡ್ಡಗೆರೆಗಳನ್ನೂ ಎಳೆದಿರಲಿಲ್ಲ. ಆದುದರಿಂದ ಹಣವು ಯಾರದೊಂದು ಖಾತೆಗೂ ಹೋಗಬೇಕಾಗಿರಲಿಲ್ಲ. ಕಿಟಕಿಯಲ್ಲಿ ಚೆಕ್ಕು ನೀಡಿದವನ ಕೈಗೆ ನಗದಾಗಿ ಬರುತ್ತಿತ್ತು. ಬಂದಿತು. ಎಂಬತ್ತು ಸಾವಿರ ಹೋಯಿತು. ಅದು ಮಗಳ ಕಾಲೇಜಿನ ಸೀಟಿಗೆಂದು ಖಾತೆಯಲ್ಲಿ ಕೂಡಿಟ್ಟಿದ್ದ ಹಣ. ಅವಳ ಸೀಟಿಗಾಗಿ ನನ್ನ ಹೆಂಡತಿಯ ಎರಡು ಬಳೆಗಳು ಅಡವಿಗೆ ಹೋದುವು.

ಬ್ಯಾಂಕಿನವರು ಚೆಕ್ಕನ್ನು ತಂದು ತೋರಿಸಿದರು. ನಾನೇ ಬರೆದೆನೋ ಎಂಬಂತಿತ್ತು! ಅದೇ ನೀಲಿ, ಅದೇ ಓರೆ. ರುಜುವಂತೂ ನನ್ನದೇ. ವಕೀಲರಲ್ಲಿಗೆ ಹೋದೆ. ಅವರು 1881ನೆಯ ಇಸವಿಯ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 89ನೆಯ ಪ್ರಕರಣವನ್ನು ತೆಗೆದರು. ತಿದ್ದಿದ್ದು ಕಣ್ಣಿಗೆ ಕಾಣದಂತಿದ್ದು ಬ್ಯಾಂಕು ಕ್ರಮವಾಗಿ ಹಣ ಕೊಟ್ಟಿದ್ದರೆ, ಬ್ಯಾಂಕಿನ ಹೊಣೆ ಅಲ್ಲಿಗೆ ತೀರಿತು. ಬಳಿಕ ಲಂಡನ್ನಿನ ಒಂದು ಹಳೆಯ ಕಥೆ ಹೇಳಿದರು. 1827ರಲ್ಲಿ ತೀರ್ಪಾದ ಯಂಗ್ ಮತ್ತು ಗ್ರೋಟ್ ವ್ಯಾಜ್ಯ. ಯಂಗನೆಂಬ ಗೃಹಸ್ಥನು ಪರಸ್ಥಳಕ್ಕೆ ಹೋಗುವಾಗ ಬರಿಯ ಚೆಕ್ಕುಗಳಿಗೆ ರುಜು ಹಾಕಿ ಹೆಂಡತಿಯ ಬಳಿ ಬಿಟ್ಟುಹೋದನು. ಗುಮಾಸ್ತನೊಬ್ಬನು ಒಂದರಲ್ಲಿ ಐವತ್ತು ಪೌಂಡಿಗೆ ಚಿಲ್ಲರೆಯನ್ನು ಸಾಲಿನ ನಡುವೆ, ಮುಂದೆ ಜಾಗ ಬಿಟ್ಟು ಬರೆದು ಆಕೆಗೆ ತೋರಿಸಿ, ಅನಂತರ ಅದರ ಮುಂದೆ ‘ಮುನ್ನೂರು’ ಎಂದು ಸೇರಿಸಿದನು. ನಷ್ಟವು ಯಂಗನ ತಲೆಗೇ ಬಂದಿತು. 1918ರಲ್ಲಿ ಅಲ್ಲಿಯ ಹೌಸ್ ಆಫ್ ಲಾರ್ಡ್ಸ್ ಮ್ಯಾಕ್‌ಮಿಲನ್ ಮತ್ತು ಆರ್ಥರ್ ಎಂಬವರ ವ್ಯಾಜ್ಯದಲ್ಲಿ ಅದೇ ದಾರಿ ಹಿಡಿಯಿತು. ಅವಸರದಲ್ಲಿದ್ದ ಪಾಲುದಾರನೊಬ್ಬನಿಂದ ಗುಮಾಸ್ತನು ಎರಡು ಪೌಂಡಿನ ಚೆಕ್ಕಿಗೆ ರುಜು ಹಾಕಿಸಿಕೊಂಡು, ಎರಡರ ಎರಡು ಪಕ್ಕಗಳಲ್ಲಿಯೂ ಅಂಕಿಗಳನ್ನು ಕೂರಿಸಿ ನೂರಿಪ್ಪತ್ತು ಪೌಂಡು ಮಾಡಿಕೊಂಡಿದ್ದನು.

“ಹಾಗಾದರೆ ಬ್ಯಾಂಕು ಎಂದೂ ತೆರಬೇಕಾಗಿಲ್ಲವೆ?” ಎಂದೆ. ಆಗ ಅವರು ನಮ್ಮ ಮಂಗಳೂರಿನದನ್ನೇ ಹೇಳಿದರು. ಕೆನರಾ ಸೇಲ್ಸ್ ಕಾರ್ಪೊರೇಷನ್ನಿನ ಚೆಕ್ಕಿನ ಪುಸ್ತಕವನ್ನು ಕಾಯುತ್ತಿದ್ದ ಲೆಕ್ಕಿಗನೇ ಯಜಮಾನರ ರುಜುವನ್ನು ಖೋಟಾ ಮಾಡಿ 42 ಚೆಕ್ಕುಗಳ ಮೇಲೆ ಮೂರು ಲಕ್ಷಕ್ಕೂ ಮಿಕ್ಕ ಹಣ ತೆಗೆದಿದ್ದನು. 1987ರಲ್ಲಿ ಸುಪ್ರೀಂ ಕೋರ್ಟು ಬ್ಯಾಂಕೇ ಆ ಹಣ ತೆರಬೇಕೆಂದಿತು. ರುಜುವೇ ಸುಳ್ಳಾದ ಮೇಲೆ ಹಣ ಕೊಡೆಂಬ ಅಪ್ಪಣೆಯೇ ಹುಟ್ಟಲಿಲ್ಲ, ಗಿರಾಕಿಯು ಲೆಕ್ಕವನ್ನು ಹೊತ್ತಿಗೆ ನೋಡಲಿಲ್ಲವೆಂಬುದು ಬ್ಯಾಂಕಿಗೆ ಆಸರೆಯಾಗದು, ಎಂದು. ನನ್ನದು ಸಾಚಾ ರುಜು. ಕಳ್ಳನಿಗೆ ಮಣೆ ಹಾಕಿದವನು ನಾನೇ. ವಕೀಲರು ಶುಲ್ಕ ತೆಗೆದುಕೊಳ್ಳಲಿಲ್ಲ. ಅದರಿಂದಲೇ ನನ್ನ ಪಕ್ಷ ಎಷ್ಟು ಸೊರಗಿದೆಯೆಂಬುದು ತಿಳಿಯಿತು.

ಅಂದು ಸಂಜೆ ಅಂಗಡಿಯಲ್ಲಿ ನನ್ನ ತಮ್ಮನು ಗುಮಾಸ್ತರನ್ನು ನಿಲ್ಲಿಸಿ ಕೇಳಿದ. ಚೆಕ್ಕು ಅವರ ಕೈಯಿಂದಲೇ ಹೋದದ್ದಲ್ಲವೆ? ಕೇಳಿದ ಮಾತುಗಳನ್ನು ಇಲ್ಲಿ ಬರೆಯಲಾರೆ. ಅವರು ಚೆಕ್ಕನ್ನು ಸರಬರಾಜಿನವರ ಆಳಿಗೆ ಕೊಟ್ಟೆನೆಂದಷ್ಟೇ ಹೇಳಿದರು. “ಗೆರೆ ಎಳೆಯಿರಿ ಎಂದು ನಾನು ಹೇಳಿದ್ದೆ” ಎಂದು ಅವರು ಅನ್ನಲಿಲ್ಲ. ನಾನೂ ಅನ್ನಲಿಲ್ಲ. ನನ್ನ ಮುಖವನ್ನು ಒಂದು ಕ್ಷಣ ನೋಡಿ, ಬೀಗದ ಕೈಯ ಗೊಂಚಲನ್ನು ಮೇಜಿನ ಮೇಲಿಟ್ಟು, ಕೊಡೆ ತೆಗೆದುಕೊಂಡು ಹೊರಟರು. ಮರುದಿನ ಬರಲಿಲ್ಲ. ಮುಂದಿನ ವರುಷ ಆ ಆಳು ಬೇರೊಂದು ಅಂಗಡಿಯ ಚೆಕ್ಕಿನಲ್ಲಿ ಇದೇ ಚಮತ್ಕಾರ ಮಾಡುವಾಗ ಸಿಕ್ಕಿಬಿದ್ದನು, ನಮ್ಮದನ್ನೂ ಒಪ್ಪಿಕೊಂಡನು. ಹಣ ಬರಲಿಲ್ಲ. ಆಗಲೇ ಗುಮಾಸ್ತರ ಮನೆಗೆ ಹೋಗಬೇಕಾಗಿತ್ತು. ನಾಚಿಕೆಯಿಂದ ಮೂರು ವರುಷ ಕಳೆದೆ.

ಈ ನಡುವೆ ಚೆಕ್ಕಿನ ಹಾಳೆಯೇ ಬದಲಾಯಿತು. ಅಮೆರಿಕದಲ್ಲಿ ವರ್ತಕರು ರಕ್ಷಣೆಯ ಕಾಗದವನ್ನು ತಾವೇ ಕೊಂಡು ಚೆಕ್ಕುಗಳನ್ನು ಅಚ್ಚುಹಾಕಿಕೊಳ್ಳುವುದುಂಟು. ನಮ್ಮಲ್ಲಿ ಹಾಳೆಯನ್ನು ಬ್ಯಾಂಕೇ ಕೊಡುತ್ತದೆ. ಅದು ಹೇಗಿರಬೇಕೆಂದು ರಿಸರ್ವ್ ಬ್ಯಾಂಕು 2010ರಲ್ಲಿ ಗೊತ್ತುಮಾಡಿತು. ಬೆಳಕಿಗೆ ಹಿಡಿದರೆ ಕಾಗದದ ಒಡಲಿನಲ್ಲಿ ‘ಸಿಟಿಎಸ್ ಇಂಡಿಯಾ’ ಎಂಬ ನೀರುಗುರುತು ಕಾಣಬೇಕು. ಬ್ಯಾಂಕಿನ ಲಾಂಛನವನ್ನು ಕಣ್ಣಿಗೆ ಕಾಣದ ಶಾಯಿಯಲ್ಲಿ ಅಚ್ಚುಹಾಕಿರಬೇಕು. ಅತಿನೇರಳೆ ದೀಪದ ಕೆಳಗೆ ಮಾತ್ರ ಅದು ಹೊಳೆಯುತ್ತದೆ. ಹಾಳೆಯ ಮೇಲಿನ ನವುರಾದ ಗೆರೆಗಳ ನಡುವೆ ‘ವಾಯ್ಡ್’ ಎಂಬ ಮಾತು ಅಡಗಿದೆ. ಬರಿಗಣ್ಣಿಗೆ ತೋರದ ಅದು ನಕಲು ತೆಗೆಯುವ ಯಂತ್ರಕ್ಕೆ ಕೊಟ್ಟೊಡನೆ ಎದ್ದು ನಿಲ್ಲುತ್ತದೆ. ಬರೆದ ಮಸಿಯನ್ನು ಆಮ್ಲದಿಂದಲೋ ಬಿಳುಪು ಮಾಡುವ ದ್ರವದಿಂದಲೋ ತೊಳೆಯಹೋದರೆ ಕಾಗದವೇ ಕಲೆಗಟ್ಟಿ ಸಾಕ್ಷಿ ಹೇಳುತ್ತದೆ. ಇನ್ನೊಂದು ನಿಯಮವೂ ಬಂದಿತು: ತಾರೀಖನ್ನು ಬಿಟ್ಟು ಬೇರೆ ಏನನ್ನು ತಿದ್ದಬೇಕಾದರೂ ಹೊಸ ಹಾಳೆಯಲ್ಲೇ ಬರೆಯಬೇಕು, ತಿದ್ದಿದಲ್ಲಿ ರುಜು ಹಾಕಿದರೆ ಸಾಲದು. ಎಷ್ಟೋ ಮನೆಗಳಲ್ಲಿ ಇದರಿಂದ ಗೊಣಗಾಟವಾಯಿತು. ನನಗೇನೋ ಸಮಾಧಾನವೇ ಆಯಿತು.

ಆದರೆ ಈ ಗುರುತುಗಳನ್ನೆಲ್ಲ ನೋಡಬಲ್ಲವರು ಕಾಗದವನ್ನು ಕೈಯಲ್ಲಿ ಹಿಡಿದವರು ಮಾತ್ರ. ಈಗ ಚೆಕ್ಕು ಊರೂರು ಪ್ರಯಾಣ ಮಾಡುವುದಿಲ್ಲ. ಹಣ ಕೊಡುವ ಬ್ಯಾಂಕಿಗೆ ಹೋಗುವುದು ಅದರ ಚಿತ್ರ. ಚಿತ್ರವನ್ನು ಬೆಳಕಿಗೆ ಹಿಡಿಯುವುದೆಂತು? ಆ ಪರೀಕ್ಷೆ ಚೆಕ್ಕನ್ನು ಮೊದಲು ಪಡೆದ ಬ್ಯಾಂಕಿನದು. ಕಳ್ಳನು ನನ್ನ ಎಂಟನ್ನು ಎಂಬತ್ತು ಮಾಡುವಾಗ ಏನನ್ನೂ ತೊಳೆಯಲಿಲ್ಲ, ಏನನ್ನೂ ನಕಲು ಮಾಡಲಿಲ್ಲ. ಹೊಸ ಹಾಳೆಯಾಗಿದ್ದರೂ ಅದು ಅವನನ್ನು ಸುಮ್ಮನೆ ನೋಡುತ್ತಿತ್ತು. ಅಂಥದಕ್ಕೆ ಮದ್ದು 2021ನೆಯ ಇಸವಿ ಜನವರಿ 1ರಿಂದ ಬಂದಿದೆ. ಪಾಸಿಟಿವ್ ಪೇ ಎನ್ನುತ್ತಾರೆ. ಐವತ್ತು ಸಾವಿರ ಮತ್ತು ಅದಕ್ಕೆ ಮೇಲ್ಪಟ್ಟ ಚೆಕ್ಕು ಬರೆದವರು ಅದರ ಸಂಖ್ಯೆ, ತಾರೀಖು, ಯಾರಿಗೆ, ಎಷ್ಟು ಎಂಬುದನ್ನು ಬ್ಯಾಂಕಿಗೆ ಮುಂಚೆಯೇ ತಿಳಿಸಬಹುದು. ಐದು ಲಕ್ಷದಿಂದ ಮೇಲಿನದಕ್ಕೆ ಬ್ಯಾಂಕು ಅದನ್ನು ಕಡ್ಡಾಯ ಮಾಡಬಹುದು. ನನ್ನ ಎಂಟು ಸಾವಿರದಂಥದು ಅದರ ಬಲೆಗೆ ಬೀಳುವಂತಿಲ್ಲ. ಅದಕ್ಕೆ ತಂದೆಯವರ ಗೆರೆಯೇ ಗತಿ. ನಾನೀಗ ಕಪ್ಪು ಮಸಿಯಲ್ಲಿ, ಎಡತುದಿಗೆ ಒತ್ತಿ, ಪದಗಳ ನಡುವೆ ಸಂದಿಲ್ಲದಂತೆ ಬರೆಯುತ್ತೇನೆ, ಮಕ್ಕಳು ನಗುತ್ತಾರೆ.

2013ರ ಯುಗಾದಿಗೆ ಮುಂಚೆ ಒಂದು ಭಾನುವಾರ ಕೃಷ್ಣರಾಜಪುರಕ್ಕೆ ಹೋಗಿ ಗುಮಾಸ್ತರ ಮನೆಯ ಬಾಗಿಲು ತಟ್ಟಿದೆ. ಅವರ ದುಡಿಮೆಗೆ ಸಲ್ಲಬೇಕಾಗಿದ್ದ ಬಾಕಿಯನ್ನು ಅವರು ಕೇಳಲು ಬಂದಿರಲೇ ಇಲ್ಲ. “ಗೆರೆಯ ಮಾತು ಅಂದೇ ನಾನು ಹೇಳಬೇಕಾಗಿತ್ತು” ಎಂದೆ. ಅವರು ಉತ್ತರ ಕೊಡಲಿಲ್ಲ. ಒಳಗೆ ತಿರುಗಿ, ಕಾಫಿ ತರಬೇಕೆಂದು ಮಡದಿಯನ್ನು ಕೂಗಿದರು. ಚೆಕ್ಕನ್ನು ಕೊಟ್ಟೆ. ಹೊಸ ಬಗೆಯ ಹಾಳೆ. ಕಿಟಕಿಯ ಬೆಳಕಿಗೆ ಹಿಡಿದು ನೀರುಗುರುತನ್ನು ನೋಡಿದರು. ಬಳಿಕ ಮೊಬಲಗಿನ ಮುಂದೆ ನಾನೆಳೆದಿದ್ದ ಗೆರೆಯ ಮೇಲೆ ಬೆರಳನ್ನು ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ಆಡಿಸಿದರು. ಮತ್ತೆ ಅಂಗಡಿಗೆ ಬನ್ನಿರೆಂದು ಕರೆದೆ. “ಕಣ್ಣು ಮೊದಲಿನಂತಿಲ್ಲ, ಚಿಕ್ಕ ಯಜಮಾನರೆ” ಎಂದು ಹೇಳಿ, ಮಡಿಕೆ ಬೀಳದಂತೆ ಚೆಕ್ಕನ್ನು ಪಂಚಾಂಗದೊಳಗಿಟ್ಟು, ಪಂಚಾಂಗವನ್ನು ಗೂಡಿನಲ್ಲಿಟ್ಟರು. ಕಾಫಿ ಬಂದಿತು.