ಅಡುಗೆಮನೆಗೆ ನಾಲ್ಕಡಿ ಕಮ್ಮಿ

ನಮ್ಮವ್ವನ ಅಡುಗೆಮನೆ 6 ಅಡಿ ಅಗಲ, 7 ಅಡಿ ಉದ್ದ. ಅಂದ್ರೆ 42 ಚದರಡಿ. ಅದರೊಳಗೇ ಗ್ಯಾಸು, ಸಿಲಿಂಡರು, ರಾಗಿ ಮೂಟೆ, ನೀರಿನ ಬಿಂದಿಗೆ, ಪಾತ್ರೆ ಸ್ಟ್ಯಾಂಡು ಎಲ್ಲಾ. ಅವ್ವ ಮುದ್ದೆ ತೊಳಸ್ತಾ ಇದ್ರೆ ತಮ್ಮನ ಹೆಂಡ್ತಿ ಒಳಗೆ ಕಾಲಿಡಂಗಿಲ್ಲ. ಅವಳು ಸಾರಿಗೆ ಒಗ್ಗರಣೆ ಹಾಕುವಾಗ ಅವ್ವ ಬಾಗಿಲಲ್ಲಿ ನಿಂತು ಕಾಯ್ತಾಳೆ. ನಾಲ್ಕು ಜನ ನೆಂಟರು ಬಂದ್ರೆ ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಬಾಡು ಬೇಯಿಸಬೇಕು. ಮಳೆ ಬಂದ್ರೆ ಅದೂ ಇಲ್ಲ.

ಈ ಬೇಸಿಗೇಲಿ ಅದನ್ನ ದೊಡ್ಡದು ಮಾಡೋಣ ಅಂತ ಮನೇಲಿ ತೀರ್ಮಾನ ಆಯ್ತು. ದುಡ್ಡು ಅವ್ವಂದೇ. 2023ರಲ್ಲಿ ಗೃಹಲಕ್ಷ್ಮಿ ಶುರುವಾದಾಗಿಂದ ತಿಂಗಳ 2000 ರೂಪಾಯಿಯಲ್ಲಿ ಒಂದು ಕಾಸೂ ಮುಟ್ಟದೆ ಕೂಡಿಟ್ಟವಳೆ. ಉಳಿದದ್ದಕ್ಕೆ ಮಹಿಳಾ ಸಂಘದ ಸಾಲ. 8 ಅಡಿ ಅಗಲ, 10 ಅಡಿ ಉದ್ದ ಹಿಂದಕ್ಕೆ ಎಳೆದ್ರೆ ಪೂರ್ತಿ ಒಂದು ಚದರವೂ ಆಗಲ್ಲ. ಆದ್ರೂ ಮೇಸ್ತ್ರಿ ಒಂದೂವರೆ ಲಕ್ಷ ಅಂದ.

ಮನೆಯ ಕತೆ ಸ್ವಲ್ಪ ಹೇಳಬೇಕು. ಇದು ದೇವರಾಜ ಅರಸು ಕಾಲದಲ್ಲಿ ನಮ್ಮ ತಾತನಿಗೆ ಸಿಕ್ಕಿದ ಜನತಾ ಮನೆ. ಒಂದೇ ಕೋಣೆ, ಮೇಲೆ ಮಂಗಳೂರು ಹೆಂಚು. ಅಡುಗೆಮನೆ ಅಂತ ಬೇರೆ ಇರಲಿಲ್ಲ. ಬಾಗಿಲು ತೆಗೆದ್ರೆ ಬೀದಿಯವರಿಗೆ ಮೊದಲು ಕಾಣ್ತಿದ್ದದ್ದೇ ನಮ್ಮ ಒಲೆ. ಒಲೆ ಹತ್ತಿದ್ಯೋ ಇಲ್ವೋ ಅನ್ನೋದು ಇಡೀ ಕೇರಿಗೆ ಗೊತ್ತಾಗ್ತಿತ್ತು. ಆಮೇಲೆ ಅಪ್ಪ ಹಿಂದಕ್ಕೆ ಈ 42 ಚದರಡಿ ಸೇರಿಸಿದ.

ಅಪ್ಪ ಗಾರೆ ಕೆಲಸದವನು. ಊರೊಳಗೆ ಅವನು ಕಟ್ಟಿದ ಅಡುಗೆಮನೆಗಳು ಹತ್ತಿಪ್ಪತ್ತಾದ್ರೂ ಇರಬಹುದು. ಆಗ್ನೇಯ ಮೂಲೆಗೇ ಒಲೆ ಬರಬೇಕು ಅಂತ ಯಜಮಾನ್ರು ನಿಂತು ಹೇಳಿಸ್ತಿದ್ರು, ಅಪ್ಪ ದಾರ ಹಿಡಿದು ಗುರುತು ಹಾಕ್ತಿದ್ದ. ಪಾಯದಿಂದ ಹಿಡಿದು ಅಟ್ಟದವರೆಗೆ ಅವನ ಕೈ ಮುಟ್ಟದ ಇಟ್ಟಿಗೆ ಇಲ್ಲ. ಗೃಹಪ್ರವೇಶ ಆದ ಮಾರನೇ ದಿನದಿಂದ ಅದೇ ಅಡುಗೆಮನೆಯ ಹೊಸ್ತಿಲು ದಾಟಂಗಿಲ್ಲ. ಬಾಕಿ ಕೂಲಿ ಕೇಳೋಕೆ ಹೋದ್ರೆ ಜಗಲಿ ಕೆಳಗೆ ನಿಲ್ಲಬೇಕು. ಗೋಡೆ ಕಟ್ಟುವಾಗ ಹತ್ತದ ಮೈಲಿಗೆ ಗೋಡೆ ಒಣಗಿದ ಮೇಲೆ ಎಲ್ಲಿಂದ ಬರುತ್ತೆ ಅಂತ ಅಪ್ಪ ಕುಡಿದಾಗ ಮಾತ್ರ ಕೇಳ್ತಿದ್ದ. ಕುಡಿಯದೇ ಇದ್ದಾಗ ನಾವು ಕೇಳ್ಬೇಕಿತ್ತು ಅಂತ ಚಳವಳಿ ಕಲಿಸ್ತು.

ಬಡವರ ಒಲೆಗೆ ಎಷ್ಟು ಜಾಗ ಬೇಕು ಅನ್ನೋದಕ್ಕೆ ಸರ್ಕಾರಕ್ಕೂ ಒಂದು ಲೆಕ್ಕ ಇದೆ. ಇಂದಿರಾ ಆವಾಸ್‌ನಲ್ಲಿ ಮನೆ ಕನಿಷ್ಠ 20 ಚದರ ಮೀಟರ್ ಇತ್ತು. 2016ರಲ್ಲಿ ಅದು ಪ್ರಧಾನಮಂತ್ರಿ ಆವಾಸ್ ಗ್ರಾಮೀಣ್ ಆದಾಗ 25 ಚದರ ಮೀಟರ್‌ಗೆ ಏರಿಸಿದ್ರು, ಶುಚಿಯಾಗಿ ಅಡುಗೆ ಮಾಡೋಕೆ ಬೇಕಾದ ಜಾಗವೂ ಸೇರಿ. 25 ಚದರ ಮೀಟರ್ ಅಂದ್ರೆ ಸುಮಾರು 269 ಚದರಡಿ. ಮಲಗೋದು, ಓದೋದು, ಬಾಣಂತನ, ಮುದುಕರ ಮಂಚ, ಒಲೆ ಎಲ್ಲಾ ಸೇರಿ ಮೂರು ಚದರವೂ ಇಲ್ಲ. ಪಟ್ಟಣದಲ್ಲಿ ಕಾರು ನಿಲ್ಸೋ ಜಾಗ, ಅಡುಗೆಮನೆ ಎರಡನ್ನೂ ಕೂಡಿಸಿ ನೋಡಿ.

ಸರಿ, ಪ್ಲಾನಿಗೆ ಬರೋಣ. ನಾನು ಮೊಬೈಲಲ್ಲಿ ನಾಲ್ಕು ಚಿತ್ರ ತೋರಿಸ್ದೆ. ಗ್ರಾನೈಟ್ ಕಟ್ಟೆ, ಮೇಲೆ ಕಪಾಟು, ಸಿಂಕು. ಅವ್ವ ನೋಡಿ ಅಂದ್ಲು: "ಇದ್ರಲ್ಲಿ ಮುದ್ದೆ ಎಲ್ ತೊಳಸದು ಮಗ?" ಹೌದು, ಎರಡೂಮುಕ್ಕಾಲು ಅಡಿ ಎತ್ತರದ ಕಟ್ಟೆ ಮೇಲೆ ಪಾತ್ರೆ ಇಟ್ಟು ಹತ್ತು ಜನಕ್ಕೆ ಮುದ್ದೆ ತೊಳಸೋಕಾಗಲ್ಲ. ಪಾತ್ರೆ ಕೆಳಗಿರಬೇಕು, ಮೈಯ ಭಾರ ಕೋಲಿನ ಮೇಲೆ ಬೀಳಬೇಕು. ಹಂಗಾಗಿ ಗ್ಯಾಸಿಗೆ ಒಂದು ಕಟ್ಟೆ, ಪಕ್ಕದಲ್ಲಿ ಒಂದೂವರೆ ಅಡಿಯ ತಗ್ಗು ಕಟ್ಟೆ. ಸೌದೆಗೆ ಹೊಗೆಕೊಳವೆ ಇರೋ ಅಸ್ತ್ರ ಒಲೆ, ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಮಾಡಿದ್ದು. ಸಿಲಿಂಡರ್ ಬೆಲೆ ಏರಿದಾಗಲೆಲ್ಲ ಸೌದೆಗೇ ಬರಬೇಕಲ್ಲ. ದೇವರ ಗೂಡು ಬೇಡ, ಆ ಜಾಗದಲ್ಲಿ ಎರಡು ಮೂಟೆ ರಾಗಿ ಇಡೋಕೆ ಒಂದಡಿ ಎತ್ತರದ ಕಲ್ಲು ಹಾಸಬೇಕು ಅಂದ್ಲು.

ಆ ರಾಗಿ ಕಲ್ಲಿನ ಮಾತು ನನ್ನ ತಲೇಲಿ ಕೂತ್ಕೊಂಡಿದೆ. ಭೂಮಿ ಇದ್ದೋರ ಮನೇಲಿ ವಾಡೆ ಇತ್ತು, ಹಗೇವು ಇತ್ತು, ವರ್ಷದ ಕಾಳು ಇಡೋಕೆ ಜಾಗ ಬಿಟ್ಟೇ ಮನೆ ಕಟ್ತಿದ್ರು. ನಮ್ಮಜ್ಜಿಗೆ ಸಂಜೆ ಸೆರಗಲ್ಲಿ ಬಂದ ಕೂಲಿ ಕಾಳು ರಾತ್ರಿಗೇ ಮುಗೀತಿತ್ತು. ಒಲೆ ಮೇಲೆ ತೂಗಾಕಿದ್ದ ಕೊರಬಾಡಿನ ಸರ ಒಂದೇ ನಮ್ಮ ದಾಸ್ತಾನು. ನಾಳೆಗೆ ಅಂತ ಒಂದು ಮೂಲೆ ಕೇಳ್ತಿರೋದು ನಮ್ಮನೇಲಿ ಅವ್ವನೇ ಮೊದಲು.

ಪಾಯ ತೆಗೆಯೋ ಮುಂಚೆ ಟೇಪು ಹಿಡಿದ್ವು. ಹಕ್ಕುಪತ್ರದಲ್ಲಿ ಸೈಟು 30 x 40. ನೆಲದ ಮೇಲೆ 30 x 36. ನಾಲ್ಕಡಿ ಇಲ್ಲ! ಪಕ್ಕದ ಮನೆ ಅಳೆದ್ವು, ಅಲ್ಲೂ ನಾಲ್ಕಡಿ ಇಲ್ಲ. ಹಿಂದಿನ ಸಾಲಿನ ಏಳೂ ಮನೆ ಅಷ್ಟೇ. ಹಿಂದಿರೋದು ಊರಿನ ದೊಡ್ಡವರೊಬ್ಬರ ತೋಟ. ಬಾಂದುಕಲ್ಲು ಎಲ್ಲೂ ಕಾಣಲ್ಲ. ಬದು ಪ್ರತಿ ಉಳುಮೆಗೆ ಒಂದೊಂದು ಗೇಣು ನಡೀತಾ ನಡೀತಾ ನಮ್ಮ ಹಿತ್ತಲಿಗೆ ಬಂದು ತಂತಿಬೇಲಿ ಆಗಿದೆ.

ನಾವು ಅಳೀತಿರೋ ಸುದ್ದಿ ಸಂಜೆಗೇ ಮುಟ್ಟಿತು. ಅಲ್ಲಿಂದ ಬಂದ ಮಾತು ಜಾಗದ ಬಗ್ಗೆ ಅಲ್ಲ, ವಾಸನೆ ಬಗ್ಗೆ. ತೋಟದಲ್ಲಿ ಗುಡಿ ಇದೆಯಂತೆ, ಅಡುಗೆಮನೆ ಕಿಟಕಿ ಆ ಕಡೆ ಇಡಬಾರದಂತೆ. ನೋಡಿ ಹೆಂಗೆ! ನಾಲ್ಕಡಿ ನುಂಗಿದ್ದಕ್ಕೆ ಮೈಲಿಗೆ ಇಲ್ಲ, ಒಗ್ಗರಣೆ ಘಮಕ್ಕೆ ಮೈಲಿಗೆ. 2020ರ ಗೋಹತ್ಯೆ ನಿಷೇಧ ಕಾಯ್ದೆ ಬಂದ ಮೇಲೆ ನಮ್ಮ ಪಾತ್ರೆ ಮುಚ್ಚಳ ತೆಗೆದು ನೋಡೋಕೆ ಎಲ್ಲರಿಗೂ ಧೈರ್ಯ ಬಂದಿದೆ.

ಹದ್ದುಬಸ್ತಿಗೆ ಅರ್ಜಿ ಬರೆದ್ವು. ಏಳು ಮನೇಲಿ ಐದು ಸಹಿ ಹಾಕಿದ್ವು. ಇಬ್ಬರು ಹಾಕಲಿಲ್ಲ. ಆ ಇಬ್ಬರಿಗೂ ವರ್ಷದ ಅರ್ಧ ಕೂಲಿ ಅದೇ ತೋಟದಲ್ಲಿ. ನಮ್ಮ ಹುಡುಗರು ಸಿಟ್ಟಾದ್ರು, ಹೇಡಿಗಳು ಅಂದ್ರು. ಅವ್ವ ಗದರಿಸಿದ್ಲು: "ಅವ್ರ ಮನೆ ಒಲೆ ನಾಳೆ ನೀನ್ ಹತ್ತಿಸ್ತೀಯೇನ್ಲಾ? ಬಾಯ್ ಮುಚ್ಕೊಂಡು ಅವ್ರ ಹಿತ್ತಲನ್ನೂ ಸೇರಿಸಿ ಅಳ್ಸು." ಅದು ಸರಿ. ಅಳತೆ ಕೇಳಿರೋದು ಕಾಲೋನಿಯ ಸರ್ವೆ ನಂಬರಿಗೆ. ಗಡಿ ಸಿಕ್ಕಿದ್ರೆ ಸಹಿ ಹಾಕದವರ ನಾಲ್ಕಡಿಯೂ ಸಿಗುತ್ತೆ. ಹೆದರಿದವರನ್ನ ಬಿಟ್ಟು ಹೋಗೋದಕ್ಕೆ ಹೋರಾಟ ಅನ್ನೋಕಾಗಲ್ಲ.

ಇನ್ನೊಂದು ಮಾತು ಕೇರಿಯ ಹಿರಿಯರೇ ಅಂದ್ರು: "ಒಂದು ಅಡುಗೆಮನೆಗೋಸ್ಕರ ಊರು ಎದುರು ಹಾಕ್ಕೋಬೇಕಾ?" 1917ರಲ್ಲಿ ಬರೋಡಾದಲ್ಲಿ ತಲೆ ಮೇಲೆ ಸೂರು ಸಿಗದೆ ಬಾಬಾಸಾಹೇಬರು ವಾಪಸ್ ಬಂದದ್ದು ನಮಗೆಲ್ಲ ಗೊತ್ತು. ವರ್ಷಗಟ್ಟಲೆ ಪರೇಲ್‌ನ ಚಾಳ್‌ನಲ್ಲಿದ್ದು ಆಮೇಲೆ 1930ರ ದಶಕದಲ್ಲಿ ದಾದರ್‌ನಲ್ಲಿ ರಾಜಗೃಹ ಕಟ್ಟಿಸಿದ್ರು, ತಮ್ಮ ಪುಸ್ತಕಗಳಿಗೆ ಜಾಗ ಬೇಕು ಅಂತ. ಅಕ್ಷರಕ್ಕೆ ಜಾಗ ಬೇಕು ಅಂತ ಮನೆ ಕಟ್ಟಿದವರ ಮಕ್ಕಳು ನಾವು. ಅನ್ನಕ್ಕೆ ಜಾಗ ಬೇಕು ಅನ್ನೋಕೆ ಸಂಕೋಚ ಯಾಕೆ?

ಕಾಲೋನಿಗಳಲ್ಲಿ ಮನೆ ಮುಂದುವರಿಸೋ ಯೋಚನೆ ಇರೋ ಬಂಧುಗಳಿಗೆ ನಾಲ್ಕು ಮಾತು. ಇಟ್ಟಿಗೆ ತರಿಸೋ ಮುಂಚೆ ಹಕ್ಕುಪತ್ರ ತೆಗೆದು ಸೈಟು ಅಳೀರಿ. ಹಕ್ಕುಪತ್ರ ತಾತನ ಹೆಸರಲ್ಲೇ ಇದ್ರೆ ಪಂಚಾಯ್ತೀಲಿ ಖಾತೆ ಬದಲಾಯಿಸಿ, ಸಾಧ್ಯವಾದ್ರೆ ಮನೆಯ ಹೆಣ್ಣುಮಗಳ ಹೆಸರಿಗೆ. ಒಬ್ಬರೇ ಹೋಗಬೇಡಿ, ಸಾಲು ಮನೆಯವರೆಲ್ಲ ಸೇರಿ ಅರ್ಜಿ ಹಾಕಿ, ಸ್ವೀಕೃತಿ ಇಸ್ಕೊಳ್ಳಿ. ನಮಗೆ ಮಂಜೂರಾದ ಜಾಗವನ್ನ ಅಕ್ರಮವಾಗಿ ಹಿಡಿಯೋದು, ಅದನ್ನ ಅನುಭವಿಸೋಕೆ ಅಡ್ಡಿ ಮಾಡೋದು ದೌರ್ಜನ್ಯ ತಡೆ ಕಾಯ್ದೆಯ ಸೆಕ್ಷನ್ 3(1)(ಎಫ್), (ಜಿ) ಅಡಿ ಅಪರಾಧ. ಕೆಲಸ ಕೊಡಲ್ಲ, ಅಂಗಡೀಲಿ ಸಾಮಾನು ಕೊಡಲ್ಲ ಅಂತ ಬೆದರಿಸಿದ್ರೆ ಬಹಿಷ್ಕಾರದ ಕಲಮೂ ಅದೇ ಕಾಯ್ದೆಯಲ್ಲಿದೆ.

ಮೊನ್ನೆ ಸರ್ವೆ ನೋಟಿಸ್ ಬಂದಿದೆ, ನಮಗೂ ತೋಟದವರಿಗೂ. ಮುಂದಿನ ವಾರ ಅಳತೆ. ಮೇಸ್ತ್ರಿಗೆ ಕಾಯೋಕೆ ಹೇಳಿದೀವಿ. ಕಿಟಕಿ ತೋಟದ ಕಡೆಗೇ ಇರುತ್ತೆ, ಗಾಳಿ ಬರೋದು ಆ ಕಡೆಯಿಂದಲೇ. ಅಳತೆ ದಿನ ಏನಾಯ್ತು ಅಂತ ಇಲ್ಲೇ ಬರೀತೀನಿ.

ಜೈಭೀಮ್.