ಹದಿಮೂರು ಸೆಕೆಂಡಿಗೆ ಒಂದು ವಾರ

ಕಂಬಳವನ್ನು ಮೊಬೈಲ್‌ನಲ್ಲಷ್ಟೇ ನೋಡಿದವರಿಗೆ ಅದು ಹದಿಮೂರು-ಹದಿನಾಲ್ಕು ಸೆಕೆಂಡಿನ ಆಟ. ಕೆಸರು ನೀರು ಹಾರುತ್ತೆ, ಜೋಡಿ ಕೋಣಗಳು ಬರುತ್ತವೆ, ಹಿಂದೆ ಒಬ್ಬ ಓಡಿ ಬರುತ್ತಾನೆ, ಮುಗೀತು. ನಾನು ತುಮಕೂರಿನವಳು. ಮದುವೆಯಾಗಿ ಮೂಡುಬಿದಿರೆ ಕಡೆಯ ಮನೆಗೆ ಬಂದ ಮೇಲೆ ಗೊತ್ತಾಗಿದ್ದು, ಆ ಹದಿಮೂರು ಸೆಕೆಂಡಿನ ಹಿಂದೆ ಒಂದಿಡೀ ವಾರ ಇರುತ್ತೆ, ಆ ವಾರದ ಹಿಂದೆ ಒಂದಿಡೀ ಮನೆ ಇರುತ್ತೆ ಅಂತ.

ಈ ಸಲ ಮಗಳ ಶಾಲೆಗೆ ರಜೆ, ನನಗೆ ವರ್ಕ್ ಫ್ರಮ್ ಹೋಮ್. ಶನಿವಾರ ಮೂಡುಬಿದಿರೆಯಲ್ಲಿ ಕೋಟಿ-ಚೆನ್ನಯ ಜೋಡುಕರೆ ಕಂಬಳ. ಬೆಂಗಳೂರಿನಿಂದ ರಾತ್ರಿ ಬಸ್ ಹತ್ತಿ, ಶಿರಾಡಿ ಘಾಟಿ ಇಳಿದು ಸೋಮವಾರ ಬೆಳಿಗ್ಗೆ ಊರು ಸೇರಿದೆವು. ಗಂಡ ಶುಕ್ರವಾರ ಬರುವುದು ಅಂತ ಮಾತಾಗಿತ್ತು.

ಮೂಡುಬಿದಿರೆ ಮಂಗಳೂರಿನಿಂದ ಸುಮಾರು 35 ಕಿಲೋಮೀಟರ್. ಹದಿನೆಂಟು ಬಸದಿ, ಹದಿನೆಂಟು ಕೆರೆ ಇರುವ ಊರು ಅಂತ ಇಲ್ಲಿಯವರು ಹೆಮ್ಮೆಯಿಂದ ಹೇಳುತ್ತಾರೆ. ಪ್ರವಾಸಿಗರು ಬರುವುದು 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಗೆ. ನಮ್ಮ ಮನೆ ಪೇಟೆಯಿಂದ ಸ್ವಲ್ಪ ಒಳಗೆ. ಅಂಗಳ, ಅಡಿಕೆ ತೋಟ, ಕೆಳಗೆ ಎರಡು ಗದ್ದೆ, ಮನೆಗೆ ತಾಗಿದ ಹಾಗೆ ಹಟ್ಟಿ. ಹಟ್ಟಿಯಲ್ಲಿ ರಾಜ ಮತ್ತು ಬೊಳ್ಳ. ನೇಗಿಲು ಹಿರಿಯ ವಿಭಾಗದಲ್ಲಿ ಓಡುವ ಜೋಡಿ.

ಕಂಬಳದಲ್ಲಿ ಎಲ್ಲ ಕೋಣಗಳದ್ದೂ ಒಂದೇ ಓಟವಲ್ಲ. ನೇಗಿಲು, ಹಗ್ಗ ಎರಡರಲ್ಲೂ ಹಿರಿಯ ಮತ್ತು ಕಿರಿಯ ಅಂತ ವಿಭಾಗಗಳಿವೆ. ಅಡ್ಡ ಹಲಗೆಯಲ್ಲಿ ಓಡಿಸುವವರು ಹಲಗೆಯ ಮೇಲೆ ನಿಂತು ಬರುತ್ತಾರೆ. ಕನೆಹಲಗೆಯಲ್ಲಿ ವೇಗದ ಲೆಕ್ಕವೇ ಇಲ್ಲ, ನೀರು ಎಷ್ಟು ಎತ್ತರ ಚಿಮ್ಮಿ ಮೇಲೆ ಕಟ್ಟಿದ ನಿಶಾನೆ ಮುಟ್ಟಿತು ಅನ್ನುವುದೇ ಲೆಕ್ಕ. ಇದನ್ನೆಲ್ಲ ನನಗೆ ಕಲಿಸಿದ್ದು ಮಾವ. ಮನೆಯಲ್ಲಿ ಎಲ್ಲರದೂ ತುಳು. ನನ್ನ ಹತ್ತಿರ ಮಾತ್ರ ಕನ್ನಡ, ಅದೂ ಅವರ ಊರಿನ ಕನ್ನಡ.

ಮಂಗಳವಾರ ಬೆಳಿಗ್ಗೆ ಐದಕ್ಕೆ ಎಚ್ಚರವಾಯಿತು. ಒಲೆಯ ಹೊಗೆ, ಹುರುಳಿ ಬೇಯುವ ವಾಸನೆ. ಅತ್ತೆ ದೊಡ್ಡ ಪಾತ್ರೆಯಲ್ಲಿ ಕೋಣಗಳಿಗೆ ಹುರುಳಿ ಬೇಯಿಸುತ್ತಿದ್ದರು. ಆಮೇಲೆ ಬೈಹುಲ್ಲು, ಬಿಸಿನೀರಿನ ಸ್ನಾನ, ಎಣ್ಣೆ ಹಚ್ಚಿ ಮೈ ತಿಕ್ಕುವುದು, ಕೆರೆಯಲ್ಲಿ ಈಜಿಸುವುದು. ಎಣ್ಣೆ ತಿಕ್ಕಲು, ಈಜಿಸಲು ಪಕ್ಕದ ಮನೆಯ ಹುಡುಗ ಬರುತ್ತಾನೆ. ಹಗಲಿಗೆ ಟೈಲ್ಸ್ ಹಾಕುವ ಕೆಲಸ, ಬೆಳಗ್ಗೆ-ಸಂಜೆ ನಮ್ಮ ಹಟ್ಟಿ. ಒಂಬತ್ತು ವರ್ಷದಿಂದ ಹೀಗೇ. ನಾನು ಒಂಬತ್ತೂವರೆಗೆ ಲ್ಯಾಪ್‌ಟಾಪ್ ತೆರೆದು ಸ್ಟ್ಯಾಂಡಪ್ ಮೀಟಿಂಗಿಗೆ ಕೂರುವಷ್ಟರಲ್ಲಿ ಈ ಮನೆಯಲ್ಲಿ ಅರ್ಧ ದಿನದ ಕೆಲಸ ಮುಗಿದಿರುತ್ತಿತ್ತು.

ಮಾವನಿಗೆ 68. ಎರಡು ಮಂಡಿಯೂ ನೋವು. ಹಟ್ಟಿಯ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತಾರೆ. "ಬೇಡ ಅಂತ ಅಲ್ಲ ಮಗಾ, ಕಾಲು ಕೇಳುದಿಲ್ಲ" ಅಂದರು. ಏನು ಬೇಡ ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಬುಧವಾರ ಪೇಪರಿನ ದಿನ ಅನ್ನಬಹುದು. ಕರಾವಳಿಯಲ್ಲಿ ನವೆಂಬರ್‌ನಿಂದ ಮಾರ್ಚ್-ಏಪ್ರಿಲ್‌ವರೆಗೆ ವಾರಾಂತ್ಯ ಬಂತೆಂದರೆ ಎಲ್ಲಾದರೊಂದು ಕಡೆ ಕಂಬಳ. ಇಲ್ಲಿಯ ಪೇಪರ್‌ಗಳ ಸ್ಥಳೀಯ ಪುಟದಲ್ಲಿ ಯಕ್ಷಗಾನದ ಪಟ್ಟಿ, ಬ್ರಹ್ಮಕಲಶೋತ್ಸವದ ಸುದ್ದಿ, ರಸ್ತೆ ಹೊಂಡದ ದೂರು, ಇವುಗಳ ಜೊತೆಗೆ ಕಂಬಳದ ತಯಾರಿಯ ಸುದ್ದಿಯೂ ಇರುತ್ತೆ. ಮಾವ ಮೊದಲು ಓದುವುದು ಅದನ್ನೇ.

ಈ ಸ್ಥಳೀಯ ಸುದ್ದಿ ಒಮ್ಮೆ ದೇಶದ ಸುದ್ದಿಯಾದದ್ದು ನಿಮಗೆ ನೆನಪಿರಬಹುದು. 2020ರ ಫೆಬ್ರವರಿ 1ರಂದು ಐಕಳದ ಕಂಬಳದಲ್ಲಿ ಅಶ್ವತ್ಥಪುರದ ಶ್ರೀನಿವಾಸ ಗೌಡ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಅದನ್ನು ನೂರು ಮೀಟರಿಗೆ ಭಾಗಿಸಿ 9.55 ಸೆಕೆಂಡು ಅಂದರು. ಉಸೇನ್ ಬೋಲ್ಟ್ ದಾಖಲೆ 9.58. ಅಷ್ಟೇ, ನಮ್ಮೆಲ್ಲರ ವಾಟ್ಸಾಪ್ ತುಂಬಿಹೋಯಿತು. ಕೇಂದ್ರ ಕ್ರೀಡಾ ಸಚಿವರು ಟ್ರಯಲ್ಸ್‌ಗೆ ಕರೆದರು. ಗೌಡರು ಹೋಗಲಿಲ್ಲ. ಕೆಲವೇ ದಿನಗಳಲ್ಲಿ ವೇಣೂರಿನಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟಿ 143 ಮೀಟರನ್ನು 13.61 ಸೆಕೆಂಡಿನಲ್ಲಿ ಓಡಿ, ಅದೇ ಲೆಕ್ಕದಲ್ಲಿ ಇನ್ನೂ ಮುಂದೆ ಹೋದರು.

ಈ ಮಾತು ಬಂದಾಗ ಪಕ್ಕದ ಮನೆ ಹುಡುಗ ನಕ್ಕುಬಿಟ್ಟ. "ಅಕ್ಕ, ಕೋಣ ಎಳೀತದೆ ಅಲ್ವಾ? ಬೋಲ್ಟ್‌ಗೆ ಯಾರು ಎಳೀಲಿಕ್ಕೆ ಇದ್ರು? ಬೋಲ್ಟ್‌ಗೆ ಕೆಸರೂ ಇರ್ಲಿಲ್ಲ. ಅದು ಬೇರೆ, ಇದು ಬೇರೆ." ಟಿವಿ ಚರ್ಚೆಗಳಲ್ಲಿ ಗಂಟೆಗಟ್ಟಲೆ ಎಳೆದದ್ದನ್ನು ಅವನು ಎಣ್ಣೆ ತಿಕ್ಕುತ್ತಲೇ ಮುಗಿಸಿದ.

ಕೋರ್ಟಿನ ಸುದ್ದಿಯೂ ಈ ಮನೆಗೆ ಮನೆ ಸುದ್ದಿಯೇ. 2014ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಇಲ್ಲಿಯ ಓಟಗಳ ಮೇಲೂ ತೂಗುಗತ್ತಿ. 2016ರ ಕೊನೆಗೆ ಹೈಕೋರ್ಟ್ ತಡೆ. 2017ರಲ್ಲಿ ರಾಜ್ಯ ಸರ್ಕಾರದ ಕಾನೂನು ತಿದ್ದುಪಡಿ. ಕಡೆಗೆ 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಅದೇ ವರ್ಷ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲೂ ಕಂಬಳವಾಯಿತು. ತಡೆ ಇದ್ದಾಗಲೂ ಅತ್ತೆ ಹುರುಳಿ ಬೇಯಿಸುವುದನ್ನು ನಿಲ್ಲಿಸಿರಲಿಲ್ಲವಂತೆ. ಕೋಣಕ್ಕೆ ಕೋರ್ಟು ಗೊತ್ತುಂಟಾ, ಹಸಿವು ಮಾತ್ರ ಗೊತ್ತು ಅನ್ನುತ್ತಾರೆ. ಬೆತ್ತದ ವಿಷಯದಲ್ಲಿ ನನಗಿನ್ನೂ ಪೂರ್ತಿ ಸಮಾಧಾನವಿಲ್ಲ. ಅದನ್ನು ಮಾವನ ಎದುರೇ ಹೇಳಿದ್ದೇನೆ. ಅವರು ವಾದ ಮಾಡಲಿಲ್ಲ. "ಹೊಡೆದ್ರೆ ಓಡುವ ಕೋಣ ಅಲ್ಲ ನಮ್ಮದು" ಅಂದು ಬೊಳ್ಳನ ಹಣೆ ಸವರಿದರು.

ಗುರುವಾರ ರಾತ್ರಿ ಊಟವಾದ ಮೇಲೆ ವಿಡಿಯೋ ಕಾಲ್. ದುಬೈಯಿಂದ ಮೈದುನ, ಬೆಂಗಳೂರಿನಿಂದ ಗಂಡ, ಕಾರ್ಕಳದಿಂದ ನಾದಿನಿ. ವಿಷಯ, ಈ ಸೀಸನ್ ಮುಗಿದ ಮೇಲೆ ಕೋಣಗಳನ್ನು ಏನು ಮಾಡುವುದು.

ಮೈದುನ ನೇರವಾಗಿ ಹೇಳಿದ, ಮಾರಿಬಿಡಿ, ಖರ್ಚು ನಾನು ಕಳಿಸ್ತೇನೆ ಅಂದ್ರೂ ನೋಡಿಕೊಳ್ಳಲಿಕ್ಕೆ ಜನ ಯಾರು? ನಾದಿನಿಗೆ ಕಣ್ಣಲ್ಲಿ ನೀರು. ಅಜ್ಜನ ಕಾಲದಿಂದ ಮೈಕ್‌ನಲ್ಲಿ ನಮ್ಮ ಮನೆ ಹೆಸರು ಕರೆಯುತ್ತಿದ್ದಾರೆ, ನಿಲ್ಲಿಸುವುದು ಹೇಗೆ ಅಂತ ಅವಳದು. ನನ್ನ ಗಂಡ ಎಂದಿನಂತೆ "ಮುಂದಿನ ವರ್ಷ ನೋಡೋಣ" ಅಂದರು.

ಅಲ್ಲಿಯವರೆಗೆ ಸುಮ್ಮನಿದ್ದ ಅತ್ತೆ ಫೋನ್ ತಮ್ಮ ಕಡೆ ತಿರುಗಿಸಿಕೊಂಡರು. ತುಳುವಿನಲ್ಲಿ ಹೇಳಿದ್ದು, ನನಗೆ ಅರ್ಥವಾದಷ್ಟು ಇಷ್ಟು: ಮುಂದಿನ ವರ್ಷ ನೋಡುವವರು ಯಾರು? ನೀವು ಶನಿವಾರ ಬಂದು ಫೋಟೋ ತೆಗೆದು ಭಾನುವಾರ ಹೋಗುತ್ತೀರಿ. ಸೋಮವಾರ ಐದಕ್ಕೆ ಏಳುವುದು ನಾನು.

ಯಾರೂ ಮಾತಾಡಲಿಲ್ಲ. ದುಬೈಯ ಕಿಟಕಿಯಲ್ಲಿ ಫ್ಯಾನ್ ತಿರುಗುವುದು ಮಾತ್ರ ಕಾಣುತ್ತಿತ್ತು. ಬೆಂಗಳೂರಿನಲ್ಲಿ ಕೂತು ಊರನ್ನು ಪ್ರೀತಿಸುವ ನಮ್ಮಂಥವರೆಲ್ಲರಿಗೂ ಆ ಮಾತು ತಾಗಬೇಕಾದದ್ದೇ. ನಮಗೆ ಊರು ಬೇಕು, ಊರಿನ ಸೋಮವಾರ ಬೇಡ.

ಶುಕ್ರವಾರ ಮನೆ ತುಂಬ ಜನ. ಕೋರಿ ರೊಟ್ಟಿ, ಬಂಗುಡೆ ಸಾರು, ಮಕ್ಕಳ ಗಲಾಟೆ. ನನ್ನ ಮಗಳು ರಾಜನಿಗೆ ಬಾಳೆಹಣ್ಣು ತಿನ್ನಿಸಿ ಹತ್ತು ಸಲ ಕೈ ತೊಳೆದಳು. ಹೊರಡುವ ಮೊದಲು ಮನೆಯ ದೈವಕ್ಕೆ ಕೈ ಮುಗಿದು ಪ್ರಾರ್ಥನೆ. ಶನಿವಾರ ಬೆಳಿಗ್ಗೆ ಕೋಣಗಳನ್ನು ಲಾರಿ ಹತ್ತಿಸಿ, ಹಿಂದೆ ನಾವು ಎರಡು ಕಾರಿನಲ್ಲಿ ಕಡಲಕೆರೆಗೆ.

ಕಂಬಳ ನಡೆಯುವುದು ಪೇಟೆಯ ಹತ್ತಿರವೇ, ಕಡಲಕೆರೆ ನಿಸರ್ಗಧಾಮದಲ್ಲಿ. ಪಕ್ಕಪಕ್ಕದಲ್ಲಿ ಎರಡು ಕರೆ, ಅದಕ್ಕೇ ಜೋಡುಕರೆ. ಒಂದಕ್ಕೆ ಕೋಟಿ, ಇನ್ನೊಂದಕ್ಕೆ ಚೆನ್ನಯ, ತುಳುನಾಡಿನ ಅವಳಿ ವೀರರ ಹೆಸರು. ಕೋಣ ಬಿಡುವ ಜಾಗ ಗಂತು, ಓಟ ಮುಗಿಯುವ ಕಡೆ ಮಂಜೊಟ್ಟಿ. ನೀವು ಮೊದಲ ಸಲ ಹೋಗುವುದಾದರೆ ಮಂಜೊಟ್ಟಿಯ ಕಡೆಯೇ ಜಾಗ ಹಿಡಿಯಿರಿ, ಬದಲಿ ಬಟ್ಟೆ ಇಟ್ಟುಕೊಳ್ಳಿ, ಫೋನಿಗೆ ಪ್ಲಾಸ್ಟಿಕ್ ಕವರ್ ಇರಲಿ. ಹಗಲು ಬಿಸಿಲು, ನಡುರಾತ್ರಿ ಮಂಜು, ಹಾಗಾಗಿ ಒಂದು ಸ್ವೆಟರ್ ಕೂಡ. ಗೋಳಿಬಜೆ, ಚರುಮುರಿ ಬೇಕಾದಷ್ಟು ಸಿಗುತ್ತೆ. ಕೂಟ ಮುಗಿಯುವುದು ಮರುದಿನವೇ. ಹಾಗಾಗಿ ಬಸದಿ ನೋಡುವ ಪ್ಲಾನನ್ನು ಭಾನುವಾರ ಸಂಜೆಗೆ ಇಟ್ಟುಕೊಳ್ಳಿ.

ರಾತ್ರಿ ಫ್ಲಡ್‌ಲೈಟಿನಲ್ಲಿ ನಮ್ಮ ಸರದಿ. ಮೈಕ್‌ನಲ್ಲಿ ಮೊದಲು ಮನೆಯ ಹೆಸರು, ಆಮೇಲೆ ಮಾವನ ಹೆಸರು, ಕೊನೆಗೆ ಓಡಿಸುವವರ ಹೆಸರು. ನಾದಿನಿ ನನ್ನ ಕೈ ಗಟ್ಟಿಯಾಗಿ ಹಿಡಿದಳು. ಮೊದಲ ಎರಡು ಸುತ್ತು ಗೆದ್ದೆವು. ನಿದ್ದೆಗಣ್ಣಿನ ಮಗಳು ಗಂಟಲು ಕಟ್ಟುವಷ್ಟು ಕೂಗಿದಳು. ಮೂರನೇ ಸುತ್ತು ಬಂದದ್ದು ಬೆಳಗಿನ ಜಾವ. ಅರ್ಧ ಕರೆಯವರೆಗೂ ಮುಂದಿದ್ದ ನಮ್ಮ ಜೋಡಿ ಕೊನೆಯಲ್ಲಿ ಹಿಂದೆ ಬಿತ್ತು. ರಾಜನಿಗೆ ವಯಸ್ಸಾಗಿದೆ ಅನ್ನುವುದು ನನಗೂ ಕಂಡಿತು. ಪಕ್ಕದ ಮನೆ ಹುಡುಗ ಮಂಜೊಟ್ಟಿಯಲ್ಲಿ ಕಾದು ನಿಂತು, ಕೋಣಗಳನ್ನು ಹಿಡಿದು, ಮೊದಲು ರಾಜನ ಕಾಲು ಮುಟ್ಟಿ ನೋಡಿದ. ಸೋತದ್ದರ ಬಗ್ಗೆ ಒಂದು ಮಾತಾಡಲಿಲ್ಲ. ಮಾವ ದೂರದಿಂದ ಅದನ್ನೇ ನೋಡುತ್ತಿದ್ದರು.

ಭಾನುವಾರ ಸಂಜೆ ಹೆಚ್ಚಿನವರೆಲ್ಲ ಹೊರಟರು. ನನಗೆ ಇನ್ನೊಂದು ದಿನ ಇತ್ತು.

ಸೋಮವಾರ ಪೇಪರಿನಲ್ಲಿ ಫಲಿತಾಂಶ. ಪ್ರತಿ ವಿಭಾಗದ ಪ್ರಥಮ, ದ್ವಿತೀಯ, ಕೋಣಗಳ ಯಜಮಾನರ ಹೆಸರು, ಓಡಿಸಿದವರ ಹೆಸರು. ನಮ್ಮ ಮನೆ ಹೆಸರು ಅದರಲ್ಲಿ ಇರುವ ಪ್ರಶ್ನೆಯೇ ಇಲ್ಲ. ಆದರೂ ಮಾವ ಕನ್ನಡಕ ಹಾಕಿ ಕನೆಹಲಗೆಯಿಂದ ನೇಗಿಲು ಕಿರಿಯದವರೆಗೆ ಒಂದೂ ಬಿಡದೆ ಗಟ್ಟಿಯಾಗಿ ಓದಿದರು. ಹಟ್ಟಿಯಲ್ಲಿದ್ದ ಹುಡುಗನಿಗೆ ಕೇಳಲಿ ಅಂತ. ಓದಿ ಮುಗಿಸಿ ಪೇಪರ್ ಮಡಚಿ ಅವನನ್ನು ಅಂಗಳಕ್ಕೆ ಕರೆದರು.

ಸೀಸನ್ ಮುಗಿದ ಮೇಲೆ ಕೋಣಗಳು ಅವನ ಹಟ್ಟಿಗೆ. ರಾಜನನ್ನು ಇನ್ನು ಓಡಿಸುವುದಿಲ್ಲ, ಕೊನೆಯವರೆಗೆ ಸಾಕುವುದು. ಬೊಳ್ಳನಿಗೆ ಹೊಸ ಜೋಡಿ ಅವನೇ ಹುಡುಕುವುದು. ದುಡ್ಡಿನ ಮಾತು ಅವರಿಬ್ಬರ ನಡುವೆ ಏನಾಯಿತೋ ನಾನು ಕೇಳಲಿಲ್ಲ. ಹುಡುಗ ಮಾತ್ರ ಒಂದೇ ಹಟ ಹಿಡಿದ, ಓಡುವುದು ಈ ಮನೆಯ ಹೆಸರಿನಲ್ಲೇ ಆಗಬೇಕು ಅಂತ.

ಮಾವ ಒಪ್ಪಲಿಲ್ಲ. ಅವನು ಹೋದ ಮೇಲೆ ನನಗೆ ಕನ್ನಡದಲ್ಲಿ ಹೇಳಿದರು, "ಹುರುಳಿ ಹಾಕುವವನ ಹೆಸರು ಕರೀಬೇಕು ಮಗಾ. ಇಷ್ಟು ವರ್ಷ ನಿನ್ನ ಅತ್ತೆಯ ಹೆಸರು ಕರೀಬೇಕಿತ್ತು. ಅದನ್ನಂತೂ ಯಾರೂ ಕರೀಲಿಲ್ಲ."

ಅತ್ತೆ ಒಳಗಿನಿಂದಲೇ, ಹುರುಳಿ ಖಾಲಿಯಾಗಿದೆ, ಪೇಟೆಗೆ ಹೋಗುವವರು ಯಾರು ಅಂತ ಕೇಳಿದರು. ಸೀಸನ್ ಇನ್ನೂ ಮುಗಿದಿಲ್ಲವಲ್ಲ. ನಾನು ಚೀಲ ತೆಗೆದುಕೊಂಡು ಹೊರಟೆ.