ಬಾಲೇಖಾನರ ಸಿತಾರ್

ಧಾರವಾಡವೆಂದರೆ ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು ಅವರ ಕಂಠ ನೆನಪಾಗುತ್ತದೆ. ಗಾಯಕರ ಈ ಊರಿನಲ್ಲಿ ಸಿತಾರಿಗೆ ನೆಲೆ ಒದಗಿಸಿದವರು, ಬೀನ್‌ಕಾರ ಬಂದೇ ಅಲಿ ಖಾನರ ಶಿಷ್ಯ ರಹಿಮತ್ ಖಾನ್. ಅವರ ಮೊಮ್ಮಗ ಉಸ್ತಾದ್ ಬಾಲೇಖಾನ್ (1942–2007).

ನಾನು ಅವರನ್ನು ಮೊದಲು ಕೇಳಿದ್ದು ಧಾರವಾಡ ಆಕಾಶವಾಣಿಯಲ್ಲಿ. ಆಲಾಪದಲ್ಲಿ ಅವರು ತಂತಿಯನ್ನು ಎಳೆದು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವಾಗ ಸಿತಾರ್ ಹಾಡುತ್ತಿದೆ ಎನಿಸುತ್ತಿತ್ತು.

ಈಗ ಅವರ ಧ್ವನಿಮುದ್ರಣಗಳನ್ನು ಕೇಳುತ್ತೇನೆ. ಮನಸ್ಸು ತುಂಬುತ್ತದೆ, ಸಮಾಧಾನವಾಗುವುದಿಲ್ಲ. ಧ್ವನಿಮುದ್ರಣ ರಾಗವನ್ನು ಉಳಿಸೀತು. ತಪ್ಪಿದ ಬೆರಳನ್ನು ಹಿಡಿದು ಸರಿಯಾದ ಜಾಗದಲ್ಲಿ ಇಡಲಾರದು. ಅದು ಗುರುವಿನ ಕೆಲಸ. ಅವರ ತಮ್ಮಂದಿರು, ಶಿಷ್ಯರು ಆ ವಿದ್ಯೆಯನ್ನು ಮುಂದುವರಿಸಿದ್ದಾರೆ. ಕಲಿಸುವವರಿದ್ದಾರೆ, ಸರಿ. ಅವರೆದುರು ವರ್ಷಗಟ್ಟಲೆ ಕೂರುವ ತಾಳ್ಮೆಯನ್ನು ನಮ್ಮ ಮಕ್ಕಳಿಗೆ ನಾವು ಕಲಿಸುತ್ತಿದ್ದೇವೆಯೇ?